ಕೊನೆಗೆ ಹತ್ತುವ ಆಂಬುಲೆನ್ಸು

ದಾಲ್ಕಾವೆಯ ಕಡವಿನಲ್ಲಿ ನನ್ನ ಕೆಲಸ ಇಷ್ಟೇ:
ಕೈ ಎತ್ತುವುದು, ಕೈ ಇಳಿಸುವುದು.
ಒಂದೇ ಬಾಯಿಯ ಬಾರ್ಜು ನಮ್ಮದು,
ಎಲ್ಲ ಗಾಡಿಗಳೂ ಹಿಮ್ಮುಖವಾಗಿಯೇ ಹತ್ತಬೇಕು.
ಸೌದೆಯ ಲಾರಿ ನಡುವಿಗೆ, ಕಾರುಗಳು ಅಂಚಿಗೆ,
ಕುರಿ ತುಂಬಿದ ಗಾಡಿ, ವಾಸನೆ ಯಾರಿಗೂ ತಾಗದ ಮೂಲೆಗೆ.
ಆಂಬುಲೆನ್ಸು ಬಂದರೆ ಮಾತ್ರ ಎಲ್ಲರ ಆಮೇಲೆ.
ಹೊಸಬರು ಬೈಯುತ್ತಾರೆ, ರೋಗಿಯನ್ನೇ ಕಾಯಿಸುತ್ತೀಯಾ ಎಂದು.
ಕೊನೆಗೆ ಹತ್ತಿದ್ದು ಆಚೆ ದಡದಲ್ಲಿ ಮೊದಲು ಇಳಿಯುತ್ತದೆ.
ಇಷ್ಟು ಹೇಳುವಷ್ಟರಲ್ಲಿ ದಡವೇ ಬಂದಿರುತ್ತದೆ.

ಫೋನಿನೊಳಗೂ ನನ್ನದೊಂದು ಕಡವು.
ಇಡೀ ದ್ವೀಪ ಒಂದೇ ಗುಂಪಿನಲ್ಲಿ,
ಸಾವಿರದ ಇನ್ನೂರು ಬಾಯಿ.

ಕಡಲು ಕೆಂಪಾದ ಆ ಮಾರ್ಚಿನಲ್ಲಿ
ನರ್ಸ್ ಯಸ್ನಾ ಹನ್ನೊಂದಕ್ಕೇ ಬರೆದಿದ್ದಳು:
ಚಿಪ್ಪು ತಿನ್ನಬೇಡಿ, ಬೇಯಿಸಿದರೂ ವಿಷ ಸಾಯುವುದಿಲ್ಲ.
ಅದರ ಮೇಲೆ ಬಂದು ಕೂತವು
ನಲವತ್ತು ಹುಟ್ಟುಹಬ್ಬದ ಹಾರೈಕೆ, ಕಳೆದುಹೋದ ನಾಯಿ,
ಹೆರ್ಮಿಂಡಾಳ ಆಲೂಗಡ್ಡೆ, ಅದರ ಬೆಲೆಗೆ ಬೈಗುಳ,
ಬೈಗುಳಕ್ಕೆ ಬೈಗುಳ.
ಗಿಲ್ಡೊ ನಾವೆಲ್ಕಿನ್ ಒಂದು ಗಂಟೆಗೆ ಊಟಕ್ಕೆ ಕೂತ.
ತುಟಿ ಜುಮ್ಮೆಂದ ಮೇಲೆ
ಹಿಂದಕ್ಕೆ ಸರಿಸಿ, ಸರಿಸಿ, ಓದಿದನಂತೆ.
ಬದುಕಿದ.
ನಾಲ್ಕು ದಿನ ಯಂತ್ರವೊಂದು ಅವನ ಪರವಾಗಿ ಉಸಿರಾಡಿತು.

ಆ ರಾತ್ರಿಯೇ ಗೋಡೆ ಎಬ್ಬಿಸಿದೆ.
ಕಡಲಿಗೊಂದು ಕೋಣೆ, ಬಾರ್ಜಿನ ಹೊತ್ತಿಗೊಂದು,
ಕೊಳ್ಳುವ ಮಾರುವವರಿಗೊಂದು, ಕಳೆದದ್ದಕ್ಕೊಂದು.
ಜಗಳಕ್ಕೂ ಒಂದು ಇಟ್ಟೆ. ಬಾಗಿಲಿಗೆ ಹೆಸರು ಬರೆಯಲಿಲ್ಲ,
ಎಲ್ಲರಿಗೂ ದಾರಿ ಗೊತ್ತಿತ್ತು.
ಯಸ್ನಾಳ ಸಾಲನ್ನು ಎಲ್ಲಕ್ಕಿಂತ ಮೇಲೆ
ಮೊಳೆ ಹೊಡೆದು ನಿಲ್ಲಿಸಿದೆ.

ನನ್ನ ಮಾತು ಎತ್ತಿಡಲು ನೀನ್ಯಾರೇ, ಎದೆಲ್ಮಿರಾ?
ಕೇಳಿದವಳು ಹೆರ್ಮಿಂಡಾ.
ಅಳಿಸಲಿಲ್ಲಮ್ಮ, ಜಾಗ ಬದಲಿಸಿದೆ ಅಷ್ಟೆ, ಎಂದೆ.
ಅಷ್ಟೆ ಅಲ್ಲ. ನನಗೆ ಗೊತ್ತು.
ಹಿಂದಕ್ಕೆ ಹೋಗಿ ಎಂದಾಗ ಮುಖಗಳು ಏನಾಗುತ್ತವೆ
ಎಂದು ಇಪ್ಪತ್ತು ವರ್ಷ ಕಿಟಕಿ ಗಾಜಿನಾಚೆ ನೋಡಿದ್ದೇನೆ.

ಇನ್ನು ಬೆಲಾರ್ಮಿನೊ ಗಿನೆಯೊ.
ಮೋಟಾರು ರಿಪೇರಿಯವನು, ಮಾತು ಕಡಿಮೆ.
ದಿನಾ ಐದೂ ಕಾಲಿಗೆ ಒಂದು ಶುಭೋದಯ,
ಜೊತೆಗೆ ತನ್ನ ಮೆಟ್ಟಿಲಿನಿಂದ ತೆಗೆದ ನೀರಿನ ಚಿತ್ರ:
ಮಂಜು, ಒಂದು ಕಂಬ, ಕೆಲವು ಸಲ ಕಂಬದ ಮೇಲೆ ಹಕ್ಕಿ.
ಕೋಣೆ ಕೋಣೆಗೂ ಹಾಕುತ್ತಿದ್ದ.
ಎತ್ತಿಟ್ಟು ಎತ್ತಿಟ್ಟು ಸಾಕಾಗಿ
ಅವನಿಗೇ ಒಂದು ಕೋಣೆ ಮಾಡಿದೆ, 'ಬೆಳಗು' ಅಂತ.
ಒಳಗೆ ಅವನು, ಮತ್ತು ಕಾವಲಿನ ನಾನು. ಮೂರನೆಯವರಿಲ್ಲ.
ಕಸದ ಬುಟ್ಟಿಗೊಂದು ಚಂದದ ಹೆಸರಿಟ್ಟೆ
ಎಂದು ಒಳಗೊಳಗೇ ನಕ್ಕಿದ್ದೆ.

ಆಗಸ್ಟಿನ ಒಂದು ಮಂಗಳವಾರ
ಐದೂ ಕಾಲು ಆಯಿತು. ಐದೂವರೆ.
ಬೆಳಗಿನ ಕೋಣೆಯಲ್ಲಿ ಸೋಮವಾರದ ಮಂಜು ಹಾಗೇ ನಿಂತಿತ್ತು.
ಸಂತೆಯಲ್ಲಿ ಒಬ್ಬ ಸುಮ್ಮನಾದರೆ ಯಾರಿಗೆ ಕೇಳೀತು?
ಇಲ್ಲಿ ಕೇಳಿಸಿತು.
ನಾನೇ ಬರೆದ ನಿಯಮ ನಾನೇ ಮುರಿದು
ಕಡಲಿಗೆ, ಬಾರ್ಜಿಗೆ, ಆಲೂಗಡ್ಡೆಗೆ, ಜಗಳಕ್ಕೆ,
ಎಲ್ಲ ಕಡೆಗೂ ಒಂದೇ ಸಾಲು ಎಸೆದೆ:
ಬೆಲಾರ್ಮಿನೊ ಎಲ್ಲಿ?

ಹನ್ನೊಂದು ಟಾರ್ಚು ಹೋದವು.
ಜಗಳದ ಕೋಣೆಯವರೇ ಮೊದಲು ತಲುಪಿದರಂತೆ.
ಮೊಣಕಾಲವರೆಗೆ ಒದ್ದೆಯಾಗಿ ಮೆಟ್ಟಿಲ ಮೇಲೆ ಕೂತಿದ್ದ,
ನೀರಿನೊಳಗೆ ಕೈ ತೋರಿಸುತ್ತ.
ಹಕ್ಕಿ ಪೂರ್ತಿ ಬರಲೆಂದು ಬಗ್ಗಿದೆ, ಎಂದ,
ಫೋನು ಹೋಯಿತು.

ಈಗ 'ಬೆಳಗಿ'ನಲ್ಲಿ ಮುನ್ನೂರು ಜನ.
ಐದೂ ಕಾಲಿಗೆ ಅವನದೊಂದು ಕಂಬ,
ಐದೂ ಇಪ್ಪತ್ತಕ್ಕೆ ಅರವತ್ತು ಶುಭೋದಯ.
ಇವತ್ತು ಅವುಗಳ ನಡುವೆ ಹೆರ್ಮಿಂಡಾ,
ಮೂಟೆಗೆ ಇಷ್ಟು, ಎರಡು ಕೊಂಡರೆ ಇಷ್ಟು.

ಎತ್ತಿಡಬೇಕು.
ಈ ಬಾರ್ಜು ಹೋಗಲಿ, ತಡಿ.